ಎಂಟನೇ ವಾರ್ಡಿನ ಸಮಿತಿ

ಆಸ್ಪತ್ರೆಗೆ ಹೊಸದಾಗಿ ಬಂದ ಆಡಳಿತಾಧಿಕಾರಿ ಅದಕ್ಕೆ ಮೊದಲು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವರು. ಇಪ್ಪತ್ತೆರಡು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳಿಗೆ ಮುದ್ರೆ ಒತ್ತಿದ ಅವರಿಗೆ ಈ ಜಗತ್ತಿನ ಸಮಸ್ತವೂ ಎರಡೇ ಬಗೆಯಾಗಿ ಕಾಣುತ್ತಿತ್ತು: ಅಳತೆಗೆ ಸರಿಯಾದದ್ದು, ಆಗದ್ದು. ಆಸ್ಪತ್ರೆಯ ಜನ ಮೂರೇ ದಿನದಲ್ಲಿ ಅವರಿಗೆ 'ಅಳತೆ ಸಾಹೇಬರು' ಎಂದು ಹೆಸರಿಟ್ಟರು. ಅವರ ಕಿವಿಗೂ ಅದು ಬಿತ್ತು. ಹೊಗಳಿಕೆ ಎಂದುಕೊಂಡು ಸುಮ್ಮನಾದರು.

ಅವರಿಗಿಂತ ಹಿಂದಿನವರೆಲ್ಲ ಏನನ್ನಾದರೂ ಶುರು ಮಾಡಿ ಹೆಸರು ಗಳಿಸಿದ್ದರು. ಒಬ್ಬರು ಅಂಗಳದಲ್ಲಿ ಕಾರಂಜಿ ಕಟ್ಟಿಸಿದ್ದರು, ಅದು ಉದ್ಘಾಟನೆಯ ದಿನ ಮಾತ್ರ ಚಿಮ್ಮಿತ್ತು. ಇನ್ನೊಬ್ಬರು ಲಿಫ್ಟು ಹಾಕಿಸಿದ್ದರು, ಅದು ಎರಡನೇ ಮಹಡಿ ಬಿಟ್ಟು ಬೇರೆಲ್ಲಿಗೂ ಹೋಗಲು ಒಪ್ಪುತ್ತಿರಲಿಲ್ಲ. ಶುರು ಮಾಡಲು ಇನ್ನೇನೂ ಉಳಿದಿಲ್ಲವೆಂದು ಕಂಡ ಅಳತೆ ಸಾಹೇಬರು ಏನನ್ನಾದರೂ ನಿಲ್ಲಿಸಿ ಹೆಸರು ಮಾಡುವುದೆಂದು ತೀರ್ಮಾನಿಸಿದರು. ಬಂದ ಎರಡನೇ ವಾರಕ್ಕೆ ಏಳು ಜನರ 'ಅನಗತ್ಯ ನಿವಾರಣಾ ಸಮಿತಿ' ಹುಟ್ಟಿಕೊಂಡಿತು.

ಸಮಿತಿಯ ಪಟ್ಟಿಯಲ್ಲಿ ಮೊದಲನೆಯದು, ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಪ್ರತಿ ಕೂಸಿನ ತೊಡೆಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ. ಈ ಕಾಯಿಲೆ ಬಂದ ಮಗುವೊಂದು ಕೊನೆಯ ಸಲ ಆಸ್ಪತ್ರೆಗೆ ಬಂದದ್ದು ಯಾವಾಗ ಎಂದು ಸಾಹೇಬರು ಕೇಳಿದರು. ಕಡತ ತೆಗೆದು ನೋಡಿದರೆ ಹದಿನಾಲ್ಕು ವರ್ಷದ ಹಿಂದೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇಲ್ಲದ ಕಾಯಿಲೆಗೆ ಇರುವ ಮಕ್ಕಳನ್ನೆಲ್ಲ ಯಾಕೆ ಅಳಿಸಬೇಕು ಎಂದು ಕೇಳಿದರು. ಉಳಿದ ಆರು ಜನ ತಲೆಯಾಡಿಸಿದರು. ಅವರಲ್ಲಿ ಇಬ್ಬರು ಡಾಕ್ಟರುಗಳೂ ಇದ್ದರು. ಅವರ ಬಡ್ತಿಯ ಕಾಗದ ಸಾಹೇಬರ ಮೇಜಿನ ಮೇಲಿತ್ತು.

ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದವಳು ಸೂಜಿಯಕ್ಕ. ರಕ್ತ ಪರೀಕ್ಷೆಯ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳು, ಐವತ್ತೆಂಟರ ಹೆಂಗಸು. ಯಾರ ತೋಳಲ್ಲೂ ಸಿಗದ ನರ ಅವಳ ಬೆರಳಿಗೆ ಒಂದೇ ಸಲಕ್ಕೆ ಸಿಗುತ್ತಿದ್ದರಿಂದ ಈ ಹೆಸರು. ಅಂಕಿಅಂಶ ಕೇಳಿದರೆ ಹೇಳಲಿಕ್ಕೆ ಎಂದು ಅವಳನ್ನು ಕರೆಸಿದ್ದರು, ಕೇಳಿರಲಿಲ್ಲ. ಅವಳ ಕಣ್ಣು ನೆಲದ ಮೇಲಿತ್ತು. ನೆಲದಲ್ಲಿ ನಾಲ್ಕು ನಾಲ್ಕರಂತೆ ತುಕ್ಕಿನ ದುಂಡು ಕಲೆಗಳು, ಮಂಚದ ಕಾಲುಗಳವು. ಸಮಿತಿ ಸಭೆ ಸೇರುತ್ತಿದ್ದ ಈ ಉದ್ದನೆಯ ಕೋಣೆ ಒಂದು ಕಾಲಕ್ಕೆ ಎಂಟನೇ ವಾರ್ಡು, ಲಿವರ್ ಕಾಯಿಲೆಯವರದು. ಅವಳು ಕೆಲಸಕ್ಕೆ ಸೇರಿದಾಗ ಇಲ್ಲಿ ಹದಿನಾರು ಮಂಚಗಳಿದ್ದವು, ಮಂಚಗಳ ನಡುವೆ ನೆಲದ ಮೇಲೂ ಜನ. ಹೊಟ್ಟೆ ಮಡಕೆಯಂತೆ ಊದಿ, ಕೈಕಾಲು ಕಡ್ಡಿಯಾಗಿ, ಕಣ್ಣು ಅರಿಶಿನವಾದ ಮೂವತ್ತು ನಲವತ್ತರ ಗಂಡಸರು. ಒಂದು ಕಡೆ ವೈರಸ್ಸನ್ನು ಹಿಡಿದಿಡುವ ಮಾತ್ರೆ, ಇನ್ನೊಂದು ಕಡೆ ಲಸಿಕೆ ಬಂದು, ವರ್ಷ ಕಳೆದಂತೆ ಮಂಚ ಒಂದೊಂದಾಗಿ ಖಾಲಿಯಾಗಿ, ಕೊನೆಗೆ ಉಳಿದ ನಾಲ್ಕನ್ನು ಬೇರೆ ವಾರ್ಡಿಗೆ ಸೇರಿಸಿ, ಇಲ್ಲಿ ಉದ್ದನೆಯ ಮೇಜು ಹಾಕಿದ್ದರು. ಕಾಯಿಲೆ ಇಲ್ಲವೆಂದು ವಾದಿಸಲು ಇಷ್ಟು ಗಾಳಿಯಾಡುವ ಜಾಗ ಹೇಗೆ ಸಿಕ್ಕಿತು ಎಂದು ಏಳು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಕಿಟಕಿಯ ಪಕ್ಕದ ಐದನೇ ಮಂಚದಲ್ಲಿ ಅವಳ ಅಣ್ಣ ಐದು ವಾರ ಮಲಗಿದ್ದ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವವನು, ಮೂವತ್ತಾರು ವರ್ಷ, ಹೆಪಟೈಟಿಸ್ ಬಿ ತಂದ ಲಿವರ್ ಕ್ಯಾನ್ಸರು. ಜನ್ಮದಲ್ಲಿ ಒಂದು ಹನಿ ಹೆಂಡ ಮುಟ್ಟಿದವನಲ್ಲ. ಆದರೆ ನೋಡಲು ಬಂದವರೆಲ್ಲ ಬಾಗಿಲಾಚೆ ಹೋಗಿ, 'ಗುಟ್ಟಾಗಿ ಕುಡೀತಿದ್ದ ಅನ್ಸುತ್ತೆ' ಎಂದು ಪಿಸುಗುಟ್ಟಿದರು. ಸತ್ತ ಮೇಲೂ ಆ ಮಾತು ಅತ್ತಿಗೆಯ ಬೆನ್ನು ಬಿಡಲಿಲ್ಲ. ಅಣ್ಣ ಹೋದ ತಿಂಗಳು ಸೂಜಿಯಕ್ಕ ತನ್ನ ರಕ್ತವನ್ನು ತಾನೇ ತೆಗೆದು ಪರೀಕ್ಷಿಸಿಕೊಂಡಳು. ಇತ್ತು. ಅಣ್ಣನ ಲಿವರ್ ತಿಂದ ಅದೇ ವೈರಸ್ಸು, ಹೆರುವಾಗ ತಾಯಿಯಿಂದ ಇಬ್ಬರಿಗೂ ಬಂದದ್ದು, ತಾಯಿಗೇ ಗೊತ್ತಿಲ್ಲದ ಬಳುವಳಿ. ಆಗ ಅವಳು ಆರು ತಿಂಗಳ ಬಸುರಿ. ಕೂಸುಗಳಿಗೆ ಹುಟ್ಟಿದ ದಿನವೇ ಲಸಿಕೆ ಹಾಕುವ ಕ್ರಮ ಅದೇ ವರ್ಷ ಶುರುವಾಗಿತ್ತು. ಹೆರಿಗೆಯಾದ ಗಂಟೆಯೊಳಗೆ ಅವಳು ಬೊಬ್ಬೆ ಹೊಡೆದು ಇಡೀ ವಾರ್ಡನ್ನು ಎಬ್ಬಿಸಿ, ಮಗಳ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ವೈರಸ್ಸನ್ನು ತಡೆಯುವ ತಯಾರು ಪ್ರತಿಕಾಯದ ಚುಚ್ಚುಮದ್ದು ಹಾಕಿಸಿಯೇ ಬಿಟ್ಟಿದ್ದಳು. ಆ ಮಗಳಿಗೆ ಈಗ ಮೂವತ್ತೊಂದು, ಊರಿನ ಬಸ್ಸು ಓಡಿಸುತ್ತಾಳೆ. ಸೂಜಿಯಕ್ಕ ದಿನಕ್ಕೊಂದು ಮಾತ್ರೆ ನುಂಗುತ್ತ ಚೆನ್ನಾಗಿಯೇ ಇದ್ದಳು. ಅಂದು ವಾರ್ಡಿನಲ್ಲಿದ್ದವರೆಲ್ಲ ನಿವೃತ್ತರಾಗಿ, ಈಗ ವಿಷಯ ಗೊತ್ತಿದ್ದದ್ದು ಮಗಳಿಗೆ ಮತ್ತು ಲಿವರ್ ಡಾಕ್ಟರಿಗೆ ಮಾತ್ರ.

ಆ ಡಾಕ್ಟರಿಗೆ ಆಸ್ಪತ್ರೆಯಲ್ಲಿ 'ಹಳದಿ ಡಾಕ್ಟರು' ಎಂದೇ ಹೆಸರು, ಹಳದಿ ಕಣ್ಣಿನವರನ್ನು ನೋಡಿ ನೋಡಿಯೇ ತಲೆ ನರೆತವರು. ಸಮಿತಿಯ ವಿಷಯ ಕೇಳಿ ಅವರು ಸಾಹೇಬರ ಕೋಣೆಗೆ ನುಗ್ಗಿದರು. ಬಾಯಿಮಾತು ಬೇಡ, ಅಳೆದೇ ನೋಡೋಣ, ಲಸಿಕೆಯ ಮೊದಲ ಎರಡು ವರ್ಷದಲ್ಲಿ ಇಲ್ಲೇ ಹುಟ್ಟಿದ ನಾನೂರು ಜನರ ರಕ್ತ, ಅದಕ್ಕೂ ಮುಂಚೆ ಹುಟ್ಟಿದ ನಾನೂರು ಜನರ ರಕ್ತ, ಎರಡನ್ನೂ ಪರೀಕ್ಷಿಸೋಣ ಎಂದರು. ಅಳೆಯುವುದು ಎಂಬ ಮಾತು ಕೇಳಿದ್ದೇ ಸಾಹೇಬರ ಮುಖ ಅರಳಿತು. ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮೊದಲ ದಿನ ಪತ್ರಿಕೆಯ ಫೋಟೋಗ್ರಾಫರನ್ನು ಕರೆಸಿ, ಹಿರಿಯರ ಗುಂಪಿನಲ್ಲಿ ತಮ್ಮ ರಕ್ತವೇ ಮೊದಲು ಹೋಗಲಿ ಎಂದು ಅಂಗಿಯ ತೋಳು ಮಡಿಸಿ ಕೂತರು. ಹೆಸರು ಹೊರಬೀಳಬಾರದೆಂದು ಟ್ಯೂಬುಗಳ ಮೇಲೆ ಬರೀ ನಂಬರು ಬರೆಯುವುದು ನಿಯಮ, ಅದನ್ನೂ ಸರದಿ ಕಲಸಿ ಬರೆದು, ಯಾವ ನಂಬರು ಯಾರದೆಂಬ ಪಟ್ಟಿಯನ್ನು ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದರು. ಸಾಹೇಬರು ತಮ್ಮದಕ್ಕೆ ಒಂದನೇ ನಂಬರೇ ಬೇಕೆಂದು ಹಟ ಹಿಡಿದರು. ಫೋಟೋದಲ್ಲಿ ಅವರ ನಗು ಚೆನ್ನಾಗಿ ಬಂದಿತ್ತು, ಸೂಜಿಯಕ್ಕನ ಮೊಣಕೈ ಮಾತ್ರ ಬಂದಿತ್ತು.

ಕಿರಿಯರ ಫಲಿತಾಂಶ ಮೊದಲು ಬಂತು. ನಾನೂರು ಜನರಲ್ಲಿ ಕಾಯಿಲೆಯ ವೈರಸ್ಸು ಇದ್ದದ್ದು ಒಬ್ಬನಲ್ಲಿ. ಪಟ್ಟಿ ತೆಗೆದು ನೋಡಿದರೆ, ಅವನು ಹುಟ್ಟಿದ್ದು ಮೂರು ದಿನ ಸಾಲು ರಜೆ ಬಂದಿದ್ದಾಗ. ಲಸಿಕೆಯ ಪೆಟ್ಟಿಗೆಯ ಬೀಗದ ಕೈ ಇದ್ದವರು ಊರಿಗೆ ಹೋಗಿದ್ದರಿಂದ ಅವನಿಗೆ ಸೂಜಿ ಸಿಕ್ಕಿದ್ದು ನಾಲ್ಕನೇ ದಿನಕ್ಕೆ. ಹಳದಿ ಡಾಕ್ಟರು ಆ ಕಾಗದ ಹಿಡಿದು ಕುಣಿಯುವುದೊಂದು ಬಾಕಿ. ಆದರೆ ಸಾಹೇಬರ ಕಣ್ಣು ಬಿದ್ದದ್ದು ಪಕ್ಕದ ಸಾಲಿನ ಮೇಲೆ. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯದ ಪ್ರಮಾಣ ಅಲ್ಲಿತ್ತು. ಹತ್ತು ಇದ್ದರೆ ರಕ್ಷಣೆ ಇದೆ ಎಂದು ಲೆಕ್ಕ. ನಾನೂರರಲ್ಲಿ ಇನ್ನೂರ ಇಪ್ಪತ್ತಾರು ಜನರಲ್ಲಿ ಅದು ಹತ್ತಕ್ಕಿಂತ ಕಡಿಮೆ. ಬಸ್ಸು ಓಡಿಸುವ ಸೂಜಿಯಕ್ಕನ ಮಗಳೂ ಆ ಗುಂಪಿನಲ್ಲಿದ್ದಳು, ಅವಳದು ಮೂರು.

"ಹತ್ತಕ್ಕೆ ಪಾಸು ಅಂದ್ರೆ ಅರ್ಧಕ್ಕಿಂತ ಜಾಸ್ತಿ ಜನ ಫೇಲು ಅಲ್ವೇನ್ರೀ," ಎಂದರು ಸಾಹೇಬರು. "ಇಂಥ ತಕ್ಕಡಿ ಅಂಗಡೀಲಿ ಸಿಕ್ಕಿದ್ರೆ ನಾನು ಅವತ್ತೇ ಮುಟ್ಟುಗೋಲು ಹಾಕ್ತಿದ್ದೆ."

ಸೂಜಿಯಕ್ಕ ಅವರಿಗೆ ಬಿಡಿಸಿ ಹೇಳಿದಳು. ಪ್ರತಿಕಾಯ ವರ್ಷ ಕಳೆದಂತೆ ಇಳಿಯುವುದು ಸಹಜ, ಆದರೆ ಅದನ್ನು ತಯಾರಿಸುವುದು ಹೇಗೆಂಬ ನೆನಪು ಮೈಯಲ್ಲಿ ಉಳಿದಿರುತ್ತದೆ, ವೈರಸ್ಸು ಒಳಗೆ ಕಾಲಿಟ್ಟರೆ ಸಾಕು, ಕೆಲವೇ ದಿನದಲ್ಲಿ ಮತ್ತೆ ಬೇಕಾದಷ್ಟು ಹುಟ್ಟುತ್ತದೆ. ಸಾಹೇಬರು ತುಟಿಯಂಚಿನಲ್ಲಿ ನಕ್ಕು, ರಕ್ತಕ್ಕೆ ನೆನಪು ಅನ್ನುವುದೆಲ್ಲ ಕವಿಗಳಿಗೆ ಬಿಡಿ ಎಂದರು. ಸಂಜೆಯೊಳಗೆ ಟಿಪ್ಪಣಿ ಸಿದ್ಧವಾಯಿತು. ಅದರ ಮೊದಲ ಪುಟದಲ್ಲಿ, ಈ ಕಾಯಿಲೆ ಊರಿನಲ್ಲಿ ಇಲ್ಲವಾದ್ದರಿಂದ ಲಸಿಕೆ ಅನಗತ್ಯ ಎಂದಿತ್ತು. ಎರಡನೇ ಪುಟದಲ್ಲಿ, ಲಸಿಕೆ ಕೆಲಸವನ್ನೇ ಮಾಡುತ್ತಿಲ್ಲವಾದ್ದರಿಂದ ಅನಗತ್ಯ ಎಂದಿತ್ತು. ಎರಡೂ ಪುಟವನ್ನು ಒಂದೇ ಪಿನ್ನು ಹಿಡಿದುಕೊಂಡಿತ್ತು. ಏಳು ಜನರೂ ಸಹಿ ಹಾಕಿದರು.

ಹಳದಿ ಡಾಕ್ಟರು ಕೈಕಾಲು ಹಿಡಿಯುವಷ್ಟು ಕೇಳಿಕೊಂಡ ಮೇಲೆ ಟಿಪ್ಪಣಿಯನ್ನು ಮೇಲಕ್ಕೆ ಕಳಿಸಲು ಐದು ವಾರದ ಬಿಡುವು ಸಿಕ್ಕಿತು. 'ಫೇಲಾದ'ವರಲ್ಲಿ ಅರವತ್ತು ಜನರಿಗೆ ಒಂದೊಂದೇ ಡೋಸು ಲಸಿಕೆ ಕೊಟ್ಟು, ನಾಲ್ಕು ವಾರಕ್ಕೆ ಮತ್ತೆ ಅಳೆಯುವುದೆಂದಾಯಿತು. ಮಗಳೂ ಬಸ್ಸು ನಿಲ್ಲಿಸಿ ಬಂದು ತೋಳು ಒಡ್ಡಿದಳು.

ಆ ನಾಲ್ಕು ವಾರದ ನಡುವೆ ಸೂಜಿಯಕ್ಕ ಹಿರಿಯರ ಟ್ಯೂಬುಗಳನ್ನು ಯಂತ್ರಕ್ಕೆ ಹಾಕಿದಳು. ಮೊದಲ ಸಾಲಿನ ಮೊದಲ ಟ್ಯೂಬು ಒಂದನೇ ನಂಬರು. ಯಂತ್ರ ಚೀಟಿ ಉಗುಳಿತು. ವೈರಸ್ಸು ಇದೆ.

ಅವಳಿಗೆ ನಗು ಬಂತು. ಸಣ್ಣ ನಗುವಲ್ಲ, ಬಾಯಿಗೆ ಕೈ ಅಡ್ಡ ಹಿಡಿಯಬೇಕಾದಂಥದು. ನಕ್ಕ ಮರುಗಳಿಗೆಗೆ ಕಿಟಕಿ ಪಕ್ಕದ ಮಂಚ ಕಣ್ಣ ಮುಂದೆ ಬಂದು ಕೂತಿತು, ನಗು ನಿಂತಿತು. ಇನ್ನೂ ಎರಡು ಸಲ ಪರೀಕ್ಷಿಸಿದಳು. ಎರಡು ಸಲವೂ ಅದೇ ಉತ್ತರ. ಹಿರಿಯರ ಗುಂಪಿನಲ್ಲಿ ಒಟ್ಟು ಮೂವತ್ತಮೂರು ಜನರಲ್ಲಿ ವೈರಸ್ಸು ಸಿಕ್ಕಿತು. ಮೂವತ್ತೆರಡು ಜನರ ಹೆಸರು ಬೀರುವಿನೊಳಗಿನ ಪಟ್ಟಿ ತೆಗೆಯದೆ ಗೊತ್ತಾಗುವ ಹಾಗಿರಲಿಲ್ಲ. ಒಬ್ಬರದಕ್ಕೆ ಪಟ್ಟಿಯೇ ಬೇಕಾಗಿರಲಿಲ್ಲ.

ಹಳದಿ ಡಾಕ್ಟರು ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ, ನಾನು ಹೋಗಿ ಹೇಳಿದರೆ ಸೇಡು ತೀರಿಸಿಕೊಳ್ಳಲು ಕಟ್ಟಿದ ಕತೆ ಎಂದುಕೊಳ್ಳುತ್ತಾರೆ, ಖಾತ್ರಿಗೆ ಎರಡನೇ ಸಲ ರಕ್ತ ತೆಗೆಯಲು ಹೇಗೂ ನೀವು ಹೋಗಬೇಕಲ್ಲ, ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ ನನ್ನ ಹತ್ತಿರ ಕಳಿಸಿ ಎಂದರು.

ಸೂಜಿಯಕ್ಕ ಟ್ರೇ ಹಿಡಿದು ಸಾಹೇಬರ ಕೋಣೆಗೆ ಹೋದಾಗ ಅವರು ಟಿಪ್ಪಣಿಯ ಜೊತೆ ಕಳಿಸುವ ಪತ್ರ ತಿದ್ದುತ್ತಿದ್ದರು. ಇನ್ನೊಮ್ಮೆ ರಕ್ತ ಬೇಕು ಎಂದಳು. ಯಾಕೆಂದು ಕೇಳಿದರು. ಹೇಳಿದಳು.

ಸಾಹೇಬರು ಮೊದಲು, ಟ್ಯೂಬು ಅದಲುಬದಲಾಗಿದೆ ಎಂದರು. ಒಂದನೇ ನಂಬರು ಅದಲುಬದಲಾಗುವುದಿಲ್ಲ ಎಂದಳು. ಯಂತ್ರ ಕೆಟ್ಟಿದೆ ಎಂದರು. ಮೂರು ತಿಂಗಳ ಹಿಂದೆ ಯಂತ್ರಕ್ಕೆ ಸರಿಯಾಗಿದೆ ಎಂದು ಸಹಿ ಹಾಕಿದವರು ಅವರೇ ಎಂದು ನೆನಪಿಸಿದಳು. ಸಾಹೇಬರು ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು ದನಿ ಇಳಿಸಿದರು.

"ನೋಡಿ, ನಾನು ಕುಡಿಯೋನಲ್ಲ. ಜನ ಏನಂದ್ಕೋತಾರೆ?"

"ನಮ್ಮಣ್ಣನೂ ಕುಡೀತಿರ್ಲಿಲ್ಲ ಸರ್," ಎಂದಳು ಸೂಜಿಯಕ್ಕ. "ನೀವು ಸಭೆ ಮಾಡ್ತೀರಲ್ಲ, ಅದೇ ಕೋಣೇಲಿ ಸತ್ತ. ಇದು ಕುಡಿದು ಬರೋದಲ್ಲ. ನಿಮಗೆ ಬಹುಶಃ ಹುಟ್ಟುವಾಗಲೇ ಬಂದಿದೆ. ಐವತ್ತು ವರ್ಷದಿಂದ ಒಳಗೇ ಇದೆ, ನೀವು ವಿಚಾರಿಸಿಲ್ಲ ಅಷ್ಟೆ."

"ಇಷ್ಟು ಆರಾಮಾಗಿ ಹೇಳ್ತೀರಲ್ಲ. ಇದು ನಿಮಗೆ ಬಂದಿದ್ರೆ ಗೊತ್ತಾಗ್ತಿತ್ತು."

ಮೂವತ್ತೊಂದು ವರ್ಷದಿಂದ ಆಸ್ಪತ್ರೆಯಲ್ಲಿ ಹಳದಿ ಡಾಕ್ಟರನ್ನು ಬಿಟ್ಟು ಯಾರೊಂದಿಗೂ ಆಡದ ಮಾತು ಅವಳ ಬಾಯಿಂದ ತೀರಾ ಸಲೀಸಾಗಿ ಹೊರಬಿತ್ತು. "ನನಗೂ ಇದೆ ಸರ್. ಐವತ್ತೆಂಟು ವರ್ಷದಿಂದ. ದಿನಾ ಒಂದು ಮಾತ್ರೆ, ಆರು ತಿಂಗಳಿಗೊಂದು ಸ್ಕ್ಯಾನು. ತೋಳು ಕೊಡಿ."

ಸಾಹೇಬರು ತೋಳು ಕೊಟ್ಟರು. ಈ ಸಲ ಫೋಟೋಗ್ರಾಫರು ಇರಲಿಲ್ಲ. ಸೂಜಿ ಒಳಗಿರುವಾಗ ಅವರು ಕಿಟಕಿಯ ಕಡೆ ಮುಖ ತಿರುಗಿಸಿ, ಹೆಂಡತಿ ಮಕ್ಕಳ ಗತಿ ಏನು ಎಂದು ಕೇಳಿದರು. ಹೆಂಡತಿಯನ್ನು ಪರೀಕ್ಷೆಗೆ ಕರೆತನ್ನಿ, ಮಕ್ಕಳಿಬ್ಬರಿಗೂ ಹುಟ್ಟಿದ ದಿನ ಲಸಿಕೆ ಆಗಿದೆಯೇ ಕಾರ್ಡು ನೋಡಿ, ಆಗಿದ್ದರೆ ಬಹುಮಟ್ಟಿಗೆ ಭಯವಿಲ್ಲ ಎಂದಳು. ಸಾಹೇಬರು ಹತ್ತಿಯನ್ನು ತೋಳಿಗೆ ಒತ್ತಿ ಹಿಡಿದುಕೊಂಡರು. ದೊಡ್ಡವಳು ಹುಟ್ಟಿದ ದಿನ, ಕಣ್ಣು ಬಿಡುವ ಮುಂಚೆಯೇ ಮಗುವಿಗೆ ಚುಚ್ಚಿದರೆಂದು ನರ್ಸಿನ ಮೇಲೆ ಲಿಖಿತ ದೂರು ಕೊಟ್ಟಿದ್ದನ್ನು ಆಮೇಲೆ ತಾವಾಗಿಯೇ ಹೇಳಿದರು. ಆ ನರ್ಸಿಗೆ ಏನಾಯಿತು ಎಂದು ಸೂಜಿಯಕ್ಕ ಕೇಳಿದಳು. ಎರಡು ವರ್ಷ ಬಡ್ತಿ ತಡೆಹಿಡಿದರಂತೆ.

"ಇದು ಯಾರ್ಯಾರಿಗೆ ಗೊತ್ತು?" ಎಂದು ಕೊನೆಗೆ ಕೇಳಿದರು.

"ಡಾಕ್ಟರಿಗೆ, ನನಗೆ, ನಿಮಗೆ. ನನ್ನದು ಕೂಡ ಹಾಗೇ ಇರಲಿ."

ನಾಲ್ಕು ವಾರ ಮುಗಿದು ಅರವತ್ತು ಜನರ ರಕ್ತ ಮತ್ತೆ ಬಂತು. ಐವತ್ತನಾಲ್ಕು ಜನರಲ್ಲಿ ಪ್ರತಿಕಾಯ ಹತ್ತನ್ನು ದಾಟಿ ಎಲ್ಲೆಲ್ಲಿಗೋ ಹೋಗಿತ್ತು. ಮಗಳದು ಮೂರರಿಂದ ಒಂಬೈನೂರಕ್ಕೆ ಏರಿತ್ತು. ಮೂವತ್ತೊಂದು ವರ್ಷ ಹಿಂದೆ, ಗಂಟೆ ತುಂಬದ ಕೂಸಾಗಿದ್ದಾಗ ಕಲಿತ ಪಾಠವನ್ನು ಅವಳ ಮೈ ಮರೆತಿರಲಿಲ್ಲ. ಚೀಟಿ ಹಿಡಿದು ಸೂಜಿಯಕ್ಕ ಬಸ್ ನಿಲ್ದಾಣಕ್ಕೇ ನಡೆದಳು. ಮಗಳು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಓದಿ, ಪರೀಕ್ಷೆಯಲ್ಲಿ ಇಷ್ಟು ನಂಬರು ತನಗೆ ಶಾಲೆಯಲ್ಲೂ ಬಂದಿರಲಿಲ್ಲ ಎಂದಳು. ತಾಯಿಯ ಕಣ್ಣು ಒದ್ದೆಯಾದದ್ದು ನೋಡಿ, ಹಿಂದೆ ಜನ ಕಾಯುತ್ತಿದ್ದಾರೆ, ಇಳಿ ಎಂದು ಗದರಿದಳು.

ಸಮಿತಿಯ ಕೊನೆಯ ಸಭೆಯಲ್ಲಿ ಅಳತೆ ಸಾಹೇಬರು ಎದ್ದು ನಿಂತು ಮುಕ್ಕಾಲು ಗಂಟೆ ಮಾತಾಡಿದರು. ಹುಟ್ಟಿದ ದಿನದ ಲಸಿಕೆ ಈ ಆಸ್ಪತ್ರೆಯ ಕಿರೀಟ, ಅದನ್ನು ನಿಲ್ಲಿಸಬೇಕೆಂಬ ಬೇಜವಾಬ್ದಾರಿ ಮಾತುಗಳು ಕೆಲವು ಕಡೆ ಕೇಳಿಬರುತ್ತಿವೆ, ಅಂಥವನ್ನು ನಾವು ಮೊದಲಿಂದಲೂ ಖಂಡಿಸುತ್ತ ಬಂದಿದ್ದೇವೆ ಎಂದರು. ಉಳಿದ ಆರು ಜನ ಮೊದಲಿಂದಲೂ ಖಂಡಿಸುತ್ತ ಬಂದವರ ಹಾಗೆಯೇ ತಲೆಯಾಡಿಸಿದರು. ಹಳೆಯ ಟಿಪ್ಪಣಿ ಎಲ್ಲಿ ಹೋಯಿತೋ, ಪಿನ್ನು ಸಮೇತ ಮಾಯ. ಹೊಸ ಟಿಪ್ಪಣಿಯಲ್ಲಿ ಸಾಲು ರಜೆಯಲ್ಲೂ ಲಸಿಕೆಯ ಬೀಗದ ಕೈ ಆಸ್ಪತ್ರೆಯಲ್ಲೇ ಇರತಕ್ಕದ್ದು ಎಂಬ ಸಾಲೊಂದಿತ್ತು. ಅದನ್ನು ಸೇರಿಸಿದ್ದು ಸೂಜಿಯಕ್ಕ, ಸಹಿ ಸಾಹೇಬರದು.

ಆ ವರ್ಷ ನವಜಾತ ಶಿಶುಗಳ ರಕ್ಷಣೆಗಾಗಿ ಸಾಹೇಬರಿಗೆ ರಾಜಧಾನಿಯಲ್ಲಿ ಫಲಕ ಸಿಕ್ಕಿತು. ಗುಂಪು ಫೋಟೋದಲ್ಲಿ ಸೂಜಿಯಕ್ಕ ಎರಡನೇ ಸಾಲಿನಲ್ಲಿ, ಯಾರದೋ ಕಿವಿಯ ಹಿಂದೆ. ಹಳದಿ ಡಾಕ್ಟರು ಹೊಟ್ಟೆ ಉರಿದುಕೊಂಡು, ನಿಜ ಹೇಳಿಬಿಡಲೇ ಎಂದು ಹಲ್ಲು ಕಡಿದರು. ಅವಳು ಬೇಡವೆಂದಳು. ಲಸಿಕೆ ನಿಲ್ಲಲಿಲ್ಲವಲ್ಲ, ಫಲಕ ಯಾರ ಗೋಡೆಯ ಮೊಳೆಗೆ ನೇತಾಡಿದರೇನು ಎಂದುಕೊಂಡಳು. ಆದರೆ ಒಳಗೆ ಚುರುಕ್ಕೆನ್ನಲಿಲ್ಲ ಎಂದರೆ ಸುಳ್ಳಾದೀತು.

ಒಂದು ಭಾನುವಾರ ಬೆಳಿಗ್ಗೆ ಸಾಹೇಬರು ತಮ್ಮ ಮನೆಮಂದಿಯನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಬಂದರು. ಹೆಂಡತಿ, ಇಬ್ಬರು ಅಣ್ಣಂದಿರು, ಒಬ್ಬ ತಮ್ಮ, ಒಬ್ಬಳು ತಂಗಿ, ಎಂಬತ್ತು ದಾಟಿದ ತಾಯಿ, ಆಕೆಯ ಮೊಮ್ಮಕ್ಕಳ ಹಿಂಡು. ಯಾರ ಕಣ್ಣಿಗೂ ಬೀಳಬಾರದೆಂದು ಎಲ್ಲರನ್ನೂ ಔಷಧದ ಉಗ್ರಾಣದ ಪಕ್ಕದ ಸಣ್ಣ ಬಾಗಿಲಿಂದ ಒಳಗೆ ನುಗ್ಗಿಸಿದರು. ಸೂಜಿಯಕ್ಕ ಒಬ್ಬೊಬ್ಬರದೇ ರಕ್ತ ತೆಗೆದಳು. ಮುದುಕಿಯ ತೋಳು ಒಣಗಿದ ಕಡ್ಡಿ. ಆದರೂ ನರ ಒಂದೇ ಸಲಕ್ಕೆ ಸಿಕ್ಕಿತು.

ಮರುವಾರ ಫಲಿತಾಂಶ ಕೇಳಲು ಅದೇ ಬಾಗಿಲಿಂದ ಮತ್ತೆ ಬಂದರು. ಸಾಹೇಬರ ಹೆಂಡತಿಗೆ ಇರಲಿಲ್ಲ. ತಾಯಿಗೆ ಇತ್ತು. ನಾಲ್ವರು ಗಂಡುಮಕ್ಕಳಿಗೂ, ಮಗಳಿಗೂ ಇತ್ತು. ಇದ್ದವರಿಗೆಲ್ಲ ಅಲ್ಲೇ ಸ್ಕ್ಯಾನು ಮಾಡಿಸಿದರು, ಎರಡನೆಯ ಅಣ್ಣನ ಲಿವರಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಬೇಗ ಸಿಕ್ಕಿದೆ, ಕತ್ತರಿಸಿ ತೆಗೆಯಬಹುದು, ಆರು ತಿಂಗಳು ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಹಳದಿ ಡಾಕ್ಟರು ಹೇಳಿದರು. ಆ ಅಣ್ಣ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಸಾಹೇಬರು ಹೋಗಿ ಪಕ್ಕದಲ್ಲಿ ಕೂತು, ಅವನ ಕೈಲಿದ್ದ ಸ್ಕ್ಯಾನಿನ ಚೀಟಿ ತೆಗೆದುಕೊಂಡು ತಮ್ಮ ಜೇಬಿಗಿಟ್ಟರು. 

ಮುದುಕಿ ಸೂಜಿಯಕ್ಕನನ್ನು ಹತ್ತಿರ ಕರೆದು, ಇದು ಮಕ್ಕಳಿಗೆ ತನ್ನಿಂದಲೇ ಬಂದದ್ದೇ ಎಂದು ನೇರವಾಗಿ ಕೇಳಿದಳು. ಸೂಜಿಯಕ್ಕ ತಪ್ಪಿಸಿಕೊಳ್ಳಲು ನೋಡಿದಳು. ಮುದುಕಿ ಕೈ ಬಿಡಲಿಲ್ಲ.

"ಇರಬಹುದು ಅಮ್ಮ. ನಿಮಗೂ ನಿಮ್ಮ ತಾಯಿಯಿಂದ ಬಂದಿರಬಹುದು. ಇದರಲ್ಲಿ ನಿಮ್ಮ ತಪ್ಪೇನಿಲ್ಲ. ನಮ್ಮಮ್ಮನೂ ನನಗೆ ಹೀಗೇ ಕೊಟ್ಟಳು."

ಮುದುಕಿ ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದಳು. "ಮನೆ, ಜಾಗ, ಪಾತ್ರೆ, ಏನು ಹಂಚಿದ್ರೂ ಇವರು ಕಚ್ಚಾಡಿದ್ರು," ಎಂದಳು. "ಇದೊಂದು ಮಾತ್ರ ಸಮಪಾಲು ಬಂತು ನೋಡು. ಒಬ್ಬನೂ ತಕರಾರು ತೆಗೀಲಿಲ್ಲ."

 ಮೊಮ್ಮಕ್ಕಳದು ಏನಾಯಿತು ಎಂದು ಮುದುಕಿ ಕೇಳಿದಳು. ಒಂಬತ್ತು ಜನರಲ್ಲಿ ಒಬ್ಬರಿಗೂ ಇಲ್ಲ, ಎಲ್ಲರಿಗೂ ಹುಟ್ಟಿದ ದಿನವೇ ಲಸಿಕೆ ಆಗಿದೆ ಎಂದಳು. ಒಂದು ಸೂಜಿಗೇ ನಿಂತುಹೋಯಿತೇ ಎಂದು ಮುದುಕಿ ನಂಬದೆ ಇನ್ನೊಮ್ಮೆ ಕೇಳಿದಳು. ಅದೇ ಮೊದಲು, ಆಮೇಲೆ ಇನ್ನೆರಡು ಮೂರು ಹಾಕುತ್ತಾರೆ, ಆದರೆ ಬಾಗಿಲು ಮುಚ್ಚುವುದು ಮೊದಲನೆಯದು ಎಂದು ಸೂಜಿಯಕ್ಕ ವಿವರಿಸಿದಳು. ಮುದುಕಿ ಬಹಳ ಹೊತ್ತು ಅವಳ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ಕೂತಳು.

ಹೊರಡುವಾಗ ಸಾಹೇಬರು ಮತ್ತೆ ಉಗ್ರಾಣದ ಬಾಗಿಲು ತೆರೆದು, ಬೇಗ ಬೇಗ, ಕಾವಲಿನವನು ಬರುವುದರೊಳಗೆ ಎಂದು ಅವಸರ ಮಾಡಿದರು. ಅಣ್ಣತಮ್ಮಂದಿರು ತಲೆ ತಗ್ಗಿಸಿ ಒಬ್ಬರ ಹಿಂದೊಬ್ಬರು ನುಸುಳಿದರು. ಮುದುಕಿ ನುಸುಳಲಿಲ್ಲ. ತಾನೇನೂ ಕದ್ದಿಲ್ಲ, ಕುಡಿದಿಲ್ಲ, ಈ ವಯಸ್ಸಿನಲ್ಲಿ ಇಲಿಯ ಹಾಗೆ ಹೋಗುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಸೂಜಿಯಕ್ಕನ ಭುಜ ಹಿಡಿದುಕೊಂಡು, ಬಿಳಿ ಕೋಟಿನವರೂ ರೋಗಿಗಳೂ ನೋಡುತ್ತಿದ್ದಂತೆ, ಉದ್ದನೆಯ ಮೊಗಸಾಲೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆದು ಮುಂಬಾಗಿಲಿಂದಲೇ ಹೊರಗೆ ಹೋದಳು. ಯಾವ ಕಾಯಿಲೆಯಮ್ಮ ಎಂದು ಬಾಗಿಲ ಕಾವಲಿನವನು ಕೇಳಿದ. ಮುದುಕಿ ಕಾಯಿಲೆಯ ಹೆಸರು ಹೇಳಿದಳು. ಉಚ್ಚಾರ ಸರಿ ಬರಲಿಲ್ಲ, ಸೂಜಿಯಕ್ಕ ತಿದ್ದಿದಳು. ಆಮೇಲೆ, ನನಗೂ ಅದೇ ಎಂದು ಸೇರಿಸಿದಳು.